ಮಾವಿನ ತೋಪಿನಲ್ಲಿ ಆರನೇ ಫಾರಂ

ನನ್ನ ತಮ್ಮನ ಮಗಳಿಗೆ ಹೈಸ್ಕೂಲಿನಲ್ಲಿ ಲೆಕ್ಕದ ಮೇಡಂ ಕೆಲಸಕ್ಕೆ ಆರ್ಡರು ಬಂತು. ಪೇಡ ಕೊಟ್ಟು, ಕಾಲಿಗೆ ನಮಸ್ಕಾರ ಮಾಡಿ, "ದೊಡ್ಡಪ್ಪ, ಮೊದಲ್ನೇ ದಿನ ಕ್ಲಾಸಿಗೆ ಹೇಗ್ ಹೋಗ್ಬೇಕು, ಹೇಳಿ" ಎಂದು ಕೇಳಿದಳು. "ಬಾಗಿಲಿಂದ" ಎಂದೆ. ಅವಳಿಗೆ ಸಿಟ್ಟು ಬಂತು. ನಾನು ಅರ್ಧ ಮಾತ್ರ ತಮಾಷೆಗೆ ಹೇಳಿದ್ದು. ಕ್ಲಾಸಿನೊಳಕ್ಕೆ ಯಾರು ಮುಂದೆ ಹೋಗಬೇಕು, ಯಾರು ಹಿಂದೆ ಬರಬೇಕು ಎನ್ನುವುದು ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ಸಣ್ಣ ಸಂಗತಿಯಾಗಿರಲಿಲ್ಲ. ಒಬ್ಬ ಹುಡುಗಿಯ ಓದೇ ಅದಕ್ಕೆ ಸಿಕ್ಕಿಕೊಂಡು ಜೋತಾಡಿದ್ದನ್ನು ಕಣ್ಣಾರೆ ನೋಡಿದ್ದೇನೆ. ಸಿಟ್ಟು ಇಳಿಸಲು ಅವಳಿಗೆ ಹೇಳಿದ ಆ ಕಥೆಯನ್ನೇ, ಹೊಸದಾಗಿ ಸೀಮೆಸುಣ್ಣ ಹಿಡಿಯುವ ಇತರರಿಗೂ ಇರಲಿ ಎಂದು ಬರೆದಿದ್ದೇನೆ. ನನಗೆ ಯಾವಾಗ ಬಡ್ತಿ ಬಂತು, ಯಾವ ಯಾವ ಊರಿಗೆ ಎತ್ತಿ ಹಾಕಿದರು ಎಂಬುದೆಲ್ಲ ಪೆನ್ಷನ್ ಆಫೀಸಿನವರಿಗೆ ಗೊತ್ತಿದೆ. ಅದು ಅಲ್ಲೇ ಇರಲಿ.

ನಾನು ತ್ಯಾಮಗೊಂಡ್ಲಿನವನು. ನಾನು ಓದಿದ ಸ್ಕೂಲು ಎಷ್ಟು ಚಿಕ್ಕದೆಂದರೆ ಮೇಷ್ಟರು ಸೀನಿದರೆ ಎಲ್ಲ ಕ್ಲಾಸಿನವರೂ ಒಟ್ಟಿಗೆ ತಲೆ ಎತ್ತುತ್ತಿದ್ದೆವು. ಬೆಂಗಳೂರಿನಲ್ಲಿ ಕಾಲೇಜು ಮುಗಿಸಿದ್ದೆ ನಿಜ, ಆದರೆ ಅಲ್ಲಿ ನಾನು ಗುಂಪಿನ ನಡುವೆ ಕೂತವನು. ಗುಂಪಿನ ಎದುರಿಗೆ ನಿಂತವನಲ್ಲ. ದೊಡ್ಡಬಳ್ಳಾಪುರದ ಹೈಸ್ಕೂಲಿಗೆ ನನ್ನನ್ನು ಹಾಕಿದಾಗ ಎರಡನೇ ಮಹಾಯುದ್ಧ ಇನ್ನೂ ಮುಗಿದಿರಲಿಲ್ಲ. ಪೆಟ್ರೋಲಿಗೆ ಬರ ಬಂದು ಬಸ್ಸುಗಳು ಇದ್ದಿಲಿನ ಗ್ಯಾಸಿನಲ್ಲಿ ಓಡುತ್ತಿದ್ದವು. ಏರು ಬಂದಾಗಲೆಲ್ಲ ಇಳಿದು ತಳ್ಳಿ, ಮುಖಕ್ಕೆಲ್ಲ ಮಸಿ ಬಳಿದುಕೊಂಡು, ನಾನು ಸ್ಕೂಲಿನ ಗೇಟಿಗೆ ಬರುವ ಹೊತ್ತಿಗೆ ಬೆಳಗಿನ ಪ್ರಾರ್ಥನೆ ನಡೆಯುತ್ತಿತ್ತು.

ಆ ಮೈದಾನವನ್ನು ನೋಡಿ ನಾನು ಗೇಟಿನಲ್ಲೇ ನಿಂತುಬಿಟ್ಟೆ. ಅಷ್ಟು ಹುಡುಗರು ಒಂದೇ ಕಡೆ ಇರಬಹುದೆಂದು ನಾನು ಎಣಿಸಿರಲಿಲ್ಲ. ಕರಿ ಟೋಪಿಯವರು, ತಲೆಗೆ ಟವೆಲ್ ಸುತ್ತಿದವರು, ಜುಟ್ಟಿನವರು, ಕ್ರಾಪಿನವರು, ಮಸೀದಿ ಬೀದಿಯ ಸಾಹೇಬರ ಮಕ್ಕಳು, ಬಣ್ಣದಲ್ಲಿ ಅದ್ದಿ ತೆಗೆದ ಬೆರಳುಗಳ ನೇಕಾರರ ಮಕ್ಕಳು, ರಾಜಘಟ್ಟದ ಕಡೆಯಿಂದ ರಾಗಿ ರೊಟ್ಟಿಯ ಗಂಟು ಹಿಡಿದು ನಡೆದು ಬಂದ ಒಕ್ಕಲು ಮಕ್ಕಳು. ಚಪ್ಪಲಿ ಇದ್ದವರನ್ನು ಹುಡುಕಿ ತೆಗೆಯಬೇಕಿತ್ತು. ಎಲ್ಲರೂ ಒಂದೇ ದನಿಯಲ್ಲಿ ಹಾಡಿದರು. ಹಾಡು ಮುಗಿಯಿತು. ಆಮೇಲೆ ಅಷ್ಟೂ ಜನ ಒಟ್ಟಿಗೆ ಸುಮ್ಮನಾದರು. ಹಾಡಿಗಿಂತ ಆ ಮೌನವೇ ನನ್ನನ್ನು ಹೆದರಿಸಿತು. ಇಷ್ಟು ಮಕ್ಕಳ ಮುಂದೆ ಬಾಯಿ ಬಿಟ್ಟು ಮಾತಾಡುವ ಯೋಗ್ಯತೆ ನನಗೆಲ್ಲಿದೆ ಎಂದು ನಿಜವಾಗಿಯೂ ಅನ್ನಿಸಿತು. ಮಸಿ ಮುಖ ಒರೆಸಿಕೊಂಡು ಒಳಗೆ ಹೋದೆ.

ಮೊದಲ ದಿನವೇ ನಗೆಪಾಟಲಾದೆ. ನನಗೆ ಕೊಟ್ಟದ್ದು ಆರನೇ ಫಾರಂ, ಅಂದರೆ ಎಸ್.ಎಸ್.ಎಲ್.ಸಿ. ಕ್ಲಾಸು. ಲೆಕ್ಕದ ಪಾಠ ಹೇಗೋ ಮುಗಿಸಿದೆ. ಒಂದು ಚಿಟಿಕೆ ನಶ್ಯ ಏರಿಸದೆ ಇದ್ದರೆ ಆಗುವುದಿಲ್ಲ ಎಂದುಕೊಂಡು ಸೀದಾ ಹಿತ್ತಲಿನ ಹುಣಸೆಮರದ ಮರೆಗೆ ಹೋಗಿ ಡಬ್ಬಿ ತೆಗೆದೆ. ಹಿಂದೆ ಯಾರೋ ನಿಂತಂತಾಯಿತು. ತಿರುಗಿ ನೋಡಿದರೆ, ಪುಸ್ತಕಗಳನ್ನು ಎದೆಗೆ ಅವಚಿಕೊಂಡು ನನ್ನ ಕ್ಲಾಸಿನ ಹುಡುಗಿ ನೆಲ ನೋಡುತ್ತ ನಿಂತಿದ್ದಳು. ಡಬ್ಬಿಯನ್ನು ಬೆನ್ನ ಹಿಂದೆ ಮುಚ್ಚಿಕೊಂಡೆ. ಏನಮ್ಮ ಎಂದೆ.

"ನನ್ನನ್ನ ರೂಮಿಗೆ ಬಿಟ್ಟು ಹೋಗ್ಬೇಕು ಸಾರ್" ಎಂದಳು.

ಆಮೇಲೆ ತಿಳಿಯಿತು. ಆ ಸ್ಕೂಲಿನಲ್ಲಿ ಹುಡುಗಿಯರು ಬೆರಳೆಣಿಕೆಯಷ್ಟು. ಅವರಿಗೆ ಆಫೀಸಿನ ಪಕ್ಕದಲ್ಲಿ ಒಂದು ಚಿಕ್ಕ ರೂಮು. ಗಂಟೆಯಾದರೆ ಮೇಷ್ಟರು ಆ ರೂಮಿನ ಮುಂದೆ ಹಾದು ಕ್ಲಾಸಿಗೆ ಹೋಗಬೇಕು, ಹುಡುಗಿಯರು ಅವರ ಹಿಂದೆ ಹೋಗಿ ಮುಂದಿನ ಬೆಂಚಿನಲ್ಲಿ ಕೂರಬೇಕು, ಪಾಠ ಮುಗಿದ ಮೇಲೆ ಮತ್ತೆ ಮೇಷ್ಟರ ಹಿಂದೆಯೇ ರೂಮಿಗೆ ಬರಬೇಕು. ಮೇಷ್ಟರಿಲ್ಲದೆ ಹುಡುಗಿ ಜಗಲಿಯಲ್ಲಿ ಒಂದು ಹೆಜ್ಜೆ ಇಡುವಂತಿಲ್ಲ. ಹೋಗುವಾಗ ಅವಳು ನನ್ನ ಹಿಂದೆ ಬಂದದ್ದನ್ನೇ ನಾನು ಗಾಬರಿಯಲ್ಲಿ ಗಮನಿಸಿರಲಿಲ್ಲ. ಈಗ ನಶ್ಯದ ಡಬ್ಬಿ ಜೇಬಿಗೆ ಸೇರಿಸಿ, ಮುಂದೆ ನಾನು ಹಿಂದೆ ಅವಳು, ಇಡೀ ಜಗಲಿಯ ಮುಂದೆ ಮೆರವಣಿಗೆಯಾಗಿ ಬಂದೆವು. ಹುಡುಗರು ನಗಲಿಲ್ಲ, ಕೆಮ್ಮಿದರು. ಅದು ನಗುವುದಕ್ಕಿಂತ ಕೆಟ್ಟದ್ದು. ಅವತ್ತಿನಿಂದ ನಾನು ನಶ್ಯ ಬಿಟ್ಟೆ.

ಆ ಹುಡುಗಿಯ ಹೆಸರು ರುಕ್ಮಿಣಿ. ಆರನೇ ಫಾರಮಿನಲ್ಲಿ ಅವಳೊಬ್ಬಳೇ. ಆ ಸ್ಕೂಲಿನಲ್ಲಿ ಎಸ್.ಎಸ್.ಎಲ್.ಸಿ. ವರೆಗೆ ಬಂದ ಮೊದಲ ನೇಕಾರರ ಮನೆ ಹುಡುಗಿ. ತಂದೆ ನಂಜುಂಡಪ್ಪ ರೇಷ್ಮೆ ಸೀರೆ ನೇಯುತ್ತಿದ್ದ. ಹೆಂಡತಿ ಇರಲಿಲ್ಲ. ಲಾಳಿಯೊಳಗೆ ಇಡುವ ನೂಲಿನ ಕಂಡಿಕೆಗಳನ್ನು ಬೆಳಿಗ್ಗೆ ಎದ್ದು ಸುತ್ತಿಟ್ಟು, ಅಡಿಗೆ ಮಾಡಿಟ್ಟು, ಆ ಹುಡುಗಿ ಸ್ಕೂಲಿಗೆ ಬರಬೇಕಿತ್ತು. ಮುಂದೆ ಟ್ರೈನಿಂಗ್ ಸೇರಿ ತಾನೂ ಮೇಡಂ ಆಗಬೇಕೆಂಬ ಆಸೆ ಅವಳದು. ಹಿಂದೂಪುರದ ಕಡೆಯ ನೆಂಟರೊಬ್ಬರು ಮಗನಿಗೆ ಅವಳನ್ನು ಕೇಳಿದ್ದರು. ನಂಜುಂಡಪ್ಪ ಅವರಿಗೆ, ಈ ಸಲದ ಪರೀಕ್ಷೆ ಆಗಲಿ, ಪಾಸಾದರೆ ಓದುತ್ತಾಳೆ, ಇಲ್ಲವಾದರೆ ನಿಮ್ಮ ಮನೆಗೆ ಕಳಿಸುತ್ತೇನೆ ಎಂದು ಮಾತು ಕೊಟ್ಟಿದ್ದ. ಅವನು ಕೊಟ್ಟ ಮಾತಿಗೆ ತಪ್ಪುವವನಲ್ಲ ಎಂದು ಊರಿಗೆಲ್ಲ ಗೊತ್ತಿತ್ತು. ಹಾಗಾಗಿ ಆ ಒಂದು ಪರೀಕ್ಷೆ ತಪ್ಪಿದರೆ ಅವಳ ಓದು ಅಲ್ಲಿಗೆ ಮುಗಿದಂತೆ.

ಚಳಿಗಾಲ ಶುರುವಾದಾಗ ಊರಲ್ಲಿ ಇಲಿ ಬಿತ್ತು. ಈಗಿನವರಿಗೆ ಈ ಮಾತು ಅರ್ಥವಾಗುವುದಿಲ್ಲ. ಮನೆಯ ಅಟ್ಟದಿಂದಲೋ ಸೂರಿನಿಂದಲೋ ಇಲಿ ತಾನಾಗಿ ಬಿದ್ದು ಸತ್ತರೆ ಪ್ಲೇಗು ಬಂತೆಂದು ಲೆಕ್ಕ. ಅದಕ್ಕೆ ಯಾರೂ ಡಂಗುರ ಹೊಡೆಯಬೇಕಾಗಿರಲಿಲ್ಲ. ಒಂದು ಬೀದಿಯಲ್ಲಿ ಇಲಿ ಬಿದ್ದಿತೆಂದರೆ ಊರಿಗೆ ಊರೇ ಪಾತ್ರೆ ಪಡಗ ಕಟ್ಟಿಕೊಂಡು ಹೊರಗಿನ ಬಯಲಿಗೆ ಹೊರಡುವುದು. ಹೊಲದಲ್ಲಿ ಬಿದಿರು ತಟ್ಟಿ, ತೆಂಗಿನ ಗರಿ ಕಟ್ಟಿ ಗುಡಿಸಲು ಹಾಕಿಕೊಂಡು, ಸೂಜಿ ಚುಚ್ಚಿಸಿಕೊಂಡ ತೋಳಿನ ಬಾವು ಉಜ್ಜಿಕೊಳ್ಳುತ್ತ ಕೂರುವುದು. ಸ್ಕೂಲಿಗೂ ಬೀಗ ಬಿತ್ತು. ಪರೀಕ್ಷೆ ಬೇಸಿಗೆಯಲ್ಲಿತ್ತು. ಅದು ನಮ್ಮ ಊರಿಗಾಗಿ ಮುಂದಕ್ಕೆ ಹೋಗುವಂಥದ್ದಲ್ಲ.

ನಮ್ಮ ಹೆಡ್ಮಾಸ್ಟರು ಸುಬ್ಬರಾಯರು. ಜರಿ ಪೇಟ, ಕ್ಲೋಸ್ ಕೋಟು, ಕೈಯಲ್ಲಿ ಕೊಡೆ. ಹುಡುಗರಿರಲಿ, ನಾವೂ ಅವರನ್ನು ಕಂಡರೆ ಕೋಟಿನ ಗುಂಡಿ ಹಾಕಿಕೊಳ್ಳುತ್ತಿದ್ದೆವು. ಅವರು ಊರಾಚೆಯ ಒಂದು ಮಾವಿನ ತೋಪನ್ನು ಅದರ ಯಜಮಾನರಿಂದ ಕೇಳಿ ಪಡೆದು, ಒಂದೊಂದು ಮರಕ್ಕೆ ಒಂದೊಂದು ಕ್ಲಾಸು ಹಂಚಿದರು. ಸ್ಕೂಲಿನ ಗಂಟೆ ಒಂದು ಕೊಂಬೆಗೆ ಬಂತು. ಕಟ್ಟಡದಲ್ಲಿ ಬೋರ್ಡು ಯಾವ ದಿಕ್ಕಿಗಿತ್ತೋ ತೋಪಿನಲ್ಲೂ ಅದೇ ದಿಕ್ಕಿಗಿರಬೇಕು ಎಂದು ಅಪ್ಪಣೆಯಾಯಿತು. ಬೆಳಗಿನ ಬಿಸಿಲು ನೇರ ಬೋರ್ಡಿಗೆ ಬಡಿದು ಅದು ಕನ್ನಡಿಯಾಯಿತು. ಯಾರಿಗೂ ಒಂದಕ್ಷರ ಕಾಣದು. ಆದರೂ ಹೆಡ್ಮಾಸ್ಟರು ಹಾದುಹೋದಾಗಲೆಲ್ಲ ಹುಡುಗರು ತಲೆ ಬಗ್ಗಿಸಿ ಗಂಭೀರವಾಗಿ ಬರೆದುಕೊಳ್ಳುತ್ತಿದ್ದರು. ಚರಿತ್ರೆಯ ಮೇಷ್ಟರ ಕಾಲರಿನೊಳಗೆ ಕೆಂಜಿಗ ಬಿದ್ದು ಅವರು ಒಂದು ಸಾಮ್ರಾಜ್ಯದ ಪತನವನ್ನು ಕುಣಿಯುತ್ತಲೇ ಹೇಳಿ ಮುಗಿಸಿದರು.

ಇಷ್ಟಾದರೂ ನಾನು ಅಲ್ಲಿ ಕಂಡದ್ದನ್ನು ಇನ್ನೆಲ್ಲೂ ಕಾಣಲಿಲ್ಲ. ಗೋಡೆಯಿಲ್ಲ, ಬಾಗಿಲಿಲ್ಲ, ಎದ್ದು ಓಡಿದರೆ ಹಿಡಿಯುವವರಿಲ್ಲ. ಸುತ್ತ ಹೊಲ, ಸೀಗೆ ಮೆಳೆ, ಬಾರೆ ಹಣ್ಣು. ಒಬ್ಬನೂ ಓಡಲಿಲ್ಲ. ಊರಿಗೆ ಸಾವು ಬಂದಿರುವಾಗ ಆ ಮಕ್ಕಳು ಬೆಳಿಗ್ಗೆ ಗಂಟೆ ಬಾರಿಸುವ ಮೊದಲೇ ತಮ್ಮ ತಮ್ಮ ಮರದ ಕೆಳಗೆ ಗುಡಿಸಿಕೊಂಡು ಕೂತಿರುತ್ತಿದ್ದರು. ಸ್ಕೂಲು ಎಂದರೆ ಕಟ್ಟಡವೆಂದು ನಾನು ತಿಳಿದಿದ್ದೆ. ಆ ತೋಪಿನಲ್ಲಿ ನಿಂತು ಆ ಸಾಲು ಸಾಲು ತಲೆಗಳನ್ನು ನೋಡಿದಾಗ ನನ್ನ ಕಣ್ಣು ತುಂಬಿ ಬರುತ್ತಿತ್ತು.

ಕಟ್ಟಡ ಹೋದದ್ದು ರುಕ್ಮಿಣಿಗೆ ಮಾತ್ರ ಮುಳುವಾಯಿತು. ಉಳಿದ ಹುಡುಗಿಯರು ನೆಂಟರ ಹಳ್ಳಿಗಳಿಗೆ ಹೋಗಿದ್ದರು. ನಂಜುಂಡಪ್ಪ ಗುಡಿಸಲು ಹಾಕಿದ್ದು ತೋಪಿನ ಅಂಚಿಗೇ, ಒಂದು ಬದುವಿನ ಆಚೆ. ಅರ್ಧ ನೇಯ್ದ ಸೀರೆಯನ್ನು ಊರಲ್ಲಿ ಬಿಟ್ಟರೆ ಇಲಿಯ ಪಾಲಾಗುತ್ತದೆಂದು ಮಗ್ಗವನ್ನೇ ಬಿಚ್ಚಿ ಹೊತ್ತು ತಂದು, ಗುಡಿಸಲೊಳಗೆ ಕಾಲಿಳಿಬಿಡುವ ಕುಣಿ ತೋಡಿ ಹೂಡಿದ್ದ. ಅಷ್ಟು ಹತ್ತಿರವಿದ್ದೂ ಮಗಳನ್ನು ಕಳಿಸಲಿಲ್ಲ. ನಾನು ಹೋಗಿ ಕೇಳಿದೆ. ಅವನು ಮಗ್ಗದಿಂದ ಎದ್ದು ಬಂದು, ಚಾಪೆ ಹಾಸಿ, ನೀರು ಬೆಲ್ಲ ಕೊಟ್ಟು, ಆಮೇಲೆ ಮಾತಾಡಿದ.

"ಸ್ವಾಮಿ, ಅಲ್ಲಿ ರೂಮಿತ್ತು, ಗ್ವಾಡೆ ಇತ್ತು, ನೀವು ಮುಂದೆ ಹೋಗ್ತಿದ್ರಿ, ಅವ್ಳು ಹಿಂದೆ ಬರ್ತಿದ್ಲು. ಅದ್ಕೆ ಕಳುಸ್ದೆ. ಈಗ ಬಟ್ಟಬಯಲು. ಹೋಗೋರು ಬರೋರೆಲ್ಲ ನೋಡ್ತಾರೆ. ನಾಳೆ ನಮ್ ಜನ ಆಡ್ಕೋತಾರೆ. ನಂಗೊಂದು ಗ್ವಾಡೆ ತೋರ್ಸಿ, ಈಗಲೇ ಕಳುಸ್ತೀನಿ."

ನಾನು ಪರೀಕ್ಷೆ ಎಂದೆ, ಬುದ್ಧಿವಂತೆ ಎಂದೆ, ಮೇಡಂ ಆಗುವವಳು ಎಂದೆ. ಅವನು ಎಲ್ಲಕ್ಕೂ ಹೌದು ಹೌದು ಎಂದು ತಲೆಯಾಡಿಸಿದ. ತಟ್ಟಿಯ ಹಿಂದೆ ಬಳೆಯ ಸದ್ದಾಯಿತು, ಮತ್ತೆ ನಿಂತಿತು. ಕಂಡಿಕೆ ಸುತ್ತುತ್ತಿದ್ದವಳು ಕೈ ನಿಲ್ಲಿಸಿ ಕೇಳಿಸಿಕೊಳ್ಳುತ್ತಿದ್ದಳು. ನಾನು ಸೋತು ವಾಪಸು ಬಂದು ಹೆಡ್ಮಾಸ್ಟರಿಗೆ ನಡೆದದ್ದನ್ನು ಹೇಳಿದೆ. ಹಾಜರಿ ಕಡಿಮೆಯಾದರೆ ಅವಳನ್ನು ಪರೀಕ್ಷೆಗೆ ಕೂರಿಸುವಂತಿಲ್ಲ ಎಂಬುದು ನಮ್ಮಿಬ್ಬರಿಗೂ ಗೊತ್ತಿತ್ತು. ಇದ್ದಾಳೆಂದು ಬರೆದುಕೊಳ್ಳೋಣವೇ ಎಂದು ಬಾಯಿ ತಪ್ಪಿ ಕೇಳಿದೆ. ಅವರು ನನ್ನನ್ನು ನೋಡಿದ ನೋಟಕ್ಕೆ ನಾನು ಎರಡು ಹೆಜ್ಜೆ ಹಿಂದೆ ಹೋದೆ. ಸುಳ್ಳು ಹಾಜರಿ ತಮ್ಮ ಸ್ಕೂಲಿನಲ್ಲಿ ಆಗದು ಎಂದರು. ಆಮೇಲೆ ಕನ್ನಡಕ ತೆಗೆದು ಒರೆಸಿಕೊಂಡರು.

"ಮಿಸ್ಟರ್ ಗಂಗಪ್ಪ, ಅವರು ಗೋಡೆ ಕೇಳಿದ್ದಾರೆ. ಅವರ ಗುಡಿಸಲಿಗೆ ಗೋಡೆ ಇಲ್ಲವೇ?"

"ತಟ್ಟಿ ಇದೆ ಸಾರ್."

"ಅದೇ ಸಾಕು. ಹುಡುಗಿ ಸ್ಕೂಲಿಗೆ ಬರೋಕಾಗಲ್ಲ ಅಂದ್ರೆ ಸ್ಕೂಲು ಅಲ್ಲಿಗೆ ಹೋಗ್ಲಿ."

ಮಾರನೆಯ ದಿನ ಆರನೇ ಫಾರಂ ತೋಪಿನ ನಟ್ಟನಡುವಿನ ಒಳ್ಳೆಯ ನೆರಳಿನ ಮರ ಬಿಟ್ಟು, ಬದುವಿನ ಪಕ್ಕದ ಬೋಳು ಮರಕ್ಕೆ ವರ್ಗವಾಯಿತು. ಅದು ಸಾಕಷ್ಟು ಎಲೆಯೂ ಇಲ್ಲದ ಮುದಿ ಮರ. ಹುಡುಗರಿಗೆ ಕಾರಣ ಯಾರೂ ಹೇಳಲಿಲ್ಲ. ಕ್ಲಾಸಿನ ಮಾನಿಟರು ರಾಜಘಟ್ಟದ ಮುನಿಶಾಮಿ, ಹೊಲ ಉಳುವ ಕೈಯ ದಾಂಡಿಗ. ಅವನು ಗುಡಿಸಲ ಕಡೆ ಒಮ್ಮೆ ನೋಡಿ, ಹುಡುಗರನ್ನೆಲ್ಲ ಗುಡಿಸಲಿಗೆ ಬೆನ್ನು ಮಾಡಿ ಕೂರಿಸಿದ. ನಾನು ಅವರ ಎದುರಿಗೆ ನಿಂತರೆ ನನ್ನ ಮುಖ ನೇರ ಗುಡಿಸಲಿಗೆ. ಆ ಹದಿನಾರು ಹದಿನೇಳರ ಹುಡುಗರಲ್ಲಿ ಒಬ್ಬನಾದರೂ ಕತ್ತು ತಿರುಗಿಸಿ ನೋಡಿದ್ದನ್ನು ನಾನು ಕಾಣಲಿಲ್ಲ. ಇದನ್ನು ಅವರಿಗೆ ಯಾವ ಪುಸ್ತಕ ಕಲಿಸಿತ್ತೋ ಕಾಣೆ.

ಹೆಡ್ಮಾಸ್ಟರು ಒಂದು ಷರತ್ತು ಹಾಕಿದ್ದರು. ಹೆಸರು ಕರೆದಾಗ ಉತ್ತರ ಬರಬೇಕು, ಬಂದರೆ ಮಾತ್ರ ಹಾಜರಿ. ಅದನ್ನು ನಂಜುಂಡಪ್ಪನಿಗೂ ತಿಳಿಸಿದ್ದೆ. ಹುಡುಗಿಯ ಹೆಸರನ್ನು ಬಯಲಲ್ಲಿ ಕೂಗುವಂತಿಲ್ಲ, ಆದ್ದರಿಂದ ಅವಳ ನಂಬರು ಕೂಗಿದೆ. ಗುಡಿಸಲಿನಿಂದ ಬಂದದ್ದು ಮಗ್ಗದ ಲಟಕು ಪಟಕು ಮಾತ್ರ. ಮಾರನೆಯ ದಿನವೂ ಅಷ್ಟೇ. ಪಾಠದುದ್ದಕ್ಕೂ ಆ ಮಗ್ಗ ಬಡಿಯುತ್ತಿತ್ತು. ನಾನು ಗಂಟಲು ಹರಿದುಕೊಂಡು ಜ್ಯಾಮಿತಿ ಹೇಳಿದೆ. ನಂಜುಂಡಪ್ಪ ಬೇಕೆಂದೇ ನಮ್ಮ ಮೇಲೆ ಮಗ್ಗ ಬಿಟ್ಟಿದ್ದಾನೆ ಎಂದು ಹಲ್ಲು ಕಡಿದೆ. ಹಾಗೇ ಸುಮಾರು ದಿನ ಹೋಯಿತು. ಅವಳ ನಂಬರಿನ ಮುಂದೆ ಗೈರುಹಾಜರಿ ಬೀಳುತ್ತ ಹೋಯಿತು. ಇನ್ನು ಸ್ವಲ್ಪ ದಿನ ಹೀಗೇ ಆದರೆ ಹೆಡ್ಮಾಸ್ಟರೂ ಏನೂ ಮಾಡುವಂತಿರಲಿಲ್ಲ.

ಒಂದು ಬೆಳಿಗ್ಗೆ ಹೆಡ್ಮಾಸ್ಟರೇ ಬಂದು ನನ್ನ ಪಕ್ಕದಲ್ಲಿ ನಿಂತಿದ್ದರು. ನಾನು ಅವಳ ನಂಬರು ಕೂಗಿದೆ. ಮಗ್ಗ ನಿಂತಿತು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಮಗ್ಗದ ಹಲಗೆ ಒಂದೇ ಒಂದು ಸಲ, ಗಟ್ಟಿಯಾಗಿ ಬಡಿಯಿತು. ಮತ್ತೆ ನಿಶ್ಶಬ್ದ. ನಾನು ಹೆಡ್ಮಾಸ್ಟರ ಮುಖ ನೋಡಿದೆ.

"ಹಾಜರಿ ಹಾಕ್ಕೊಳ್ಳಿ" ಎಂದು ಹೇಳಿ, ಕೊಡೆ ಬಿಡಿಸಿಕೊಂಡು ಹೊರಟುಹೋದರು.

ಅವತ್ತು ಪಾಠ ಮುಗಿಯುವವರೆಗೂ ಮಗ್ಗ ಬಡಿಯಲಿಲ್ಲ. ಅವತ್ತಿನಿಂದ ಆರನೇ ಫಾರಮಿನ ಲೆಕ್ಕದ ಹೊತ್ತು ಎಂದರೆ ನಂಜುಂಡಪ್ಪನ ಮಗ್ಗಕ್ಕೆ ರಜ. ನೇಯ್ದರೆ ಉಂಟು, ಇಲ್ಲವಾದರೆ ಇಲ್ಲ ಎನ್ನುವ ಬಾಳು ಅವನದು. ಆ ಹೊತ್ತನ್ನು ಸಂಜೆ ಕಣ್ಣು ಕಾಣುವವರೆಗೆ ನೇಯ್ದು ತುಂಬಿಸಿಕೊಳ್ಳುತ್ತಿದ್ದ ಎಂದು ಆಮೇಲೆ ತಿಳಿಯಿತು. ನಾನು ಅವನ ಮೇಲೆ ಹಲ್ಲು ಕಡಿದದ್ದು ನೆನಪಾಗಿ ನಾಚಿಕೆಯಾಯಿತು.

ಇಲ್ಲಿಂದ ನನ್ನ ಕಸಬಿನ ನಿಜವಾದ ಪಾಠ ಶುರುವಾಯಿತು. ತೋಪಿನಲ್ಲಿ ಬೋರ್ಡು ಬಿಸಿಲಿಗೆ ಕಾಣದೆ ಹೋದಮೇಲೆ ನಾನು ನೆಲದ ಮೇಲೆ ಗೂಟ ಹೊಡೆದು, ಹಗ್ಗ ಎಳೆದು ವೃತ್ತ ಬರೆಯುತ್ತಿದ್ದೆ. ಕೋಲಿನಿಂದ ತೋರಿಸುತ್ತ, ಇಲ್ಲಿಂದ ಇಲ್ಲಿಗೆ ಸಮ, ಇದಕ್ಕೂ ಅದಕ್ಕೂ ಸಮ ಎಂದು ಹೇಳುತ್ತಿದ್ದೆ. ಹುಡುಗರು ಕತ್ತು ಚಾಚಿ ನೋಡುತ್ತಿದ್ದರು. ಬಹಳ ಚೆನ್ನಾಗಿ ಪಾಠ ಮಾಡುತ್ತಿದ್ದೇನೆಂದು ನನಗೆ ಜಂಬವೇ ಇತ್ತು. ಒಂದು ದಿನ ಪಾಠದ ನಡುವೆ ನಂಜುಂಡಪ್ಪ ಬದು ದಾಟಿ ನನ್ನ ಪಕ್ಕಕ್ಕೆ ಬಂದು ಕೈಮುಗಿದು ನಿಂತ. ಹುಡುಗರೆಲ್ಲ ಅವನನ್ನೇ ನೋಡಿದರು. ಅವನಿಗೆ ಬೆವರು ಕಿತ್ತಿತ್ತು.

"ಸ್ವಾಮಿ, ನೀವು ಇಲ್ಲಿಂದ ಇಲ್ಲಿಗೆ ಅಂತೀರಂತೆ. ಎಲ್ಲಿಂದ ಎಲ್ಲಿಗೆ ಅಂತ ನಮ್ ಹುಡುಗಿ ಕೇಳ್ತಾವ್ಳೆ" ಎಂದ.

ನಾನು ಕೋಲು ಹಿಡಿದು ಬೆಪ್ಪನಂತೆ ನಿಂತೆ. ತಟ್ಟಿಯ ಹಿಂದೆ ಕೂತವಳಿಗೆ ನನ್ನ ಗೂಟ, ಹಗ್ಗ, ಕೋಲು ಯಾವುದೂ ಕಾಣದು. ಅವಳಿಗೆ ಬರುವುದು ಮಾತು ಮಾತ್ರ. ಅವತ್ತಿನಿಂದ ನಾನು ಚಿತ್ರವನ್ನು ಬಾಯಲ್ಲಿ ಬರೆಯಲು ಕಲಿತೆ. ಒಂದು ಬಿಂದು ಇಡು, ಅದು ಕೇಂದ್ರ. ಅದರ ಸುತ್ತ ಒಂದು ವೃತ್ತ. ವೃತ್ತದೊಳಗೆ ಕೇಂದ್ರದ ಕೆಳಗಡೆ ಅಡ್ಡಲಾಗಿ ಒಂದು ಗೆರೆ, ಎಡ ತುದಿಗೆ ಈ ಹೆಸರು, ಬಲ ತುದಿಗೆ ಈ ಹೆಸರು. ಕಣ್ಣು ಮುಚ್ಚಿಕೊಂಡವರಿಗೂ ಕಾಣಬೇಕು, ಹಾಗೆ ಹೇಳುವುದು. ಮೊದಮೊದಲು ನಾಲಿಗೆ ತೊಡರಿತು. ಎಷ್ಟೋ ಸಂಗತಿ ನನಗೇ ಸರಿಯಾಗಿ ಗೊತ್ತಿಲ್ಲ, ಕೋಲಿನ ಹಿಂದೆ ಅಡಗಿಕೊಂಡಿದ್ದೆ ಎಂಬುದು ಆಗ ಬಯಲಾಯಿತು. ಮಜವೆಂದರೆ, ಎದುರಿಗೆ ಕೂತು ನೋಡುತ್ತಿದ್ದ ಹುಡುಗರಿಗೂ ಆಮೇಲೆಯೇ ಜ್ಯಾಮಿತಿ ಹತ್ತಿದ್ದು. ನಾನು ರಿಟೈರ್ ಆಗುವವರೆಗೂ ಪ್ರತಿ ಹೊಸ ಪಾಠದ ಮೊದಲು ಬೋರ್ಡು ಮುಟ್ಟದೆ, ಮಕ್ಕಳಿಗೆ ಕಣ್ಣು ಮುಚ್ಚಿಸಿ, ಚಿತ್ರವನ್ನು ಮಾತಲ್ಲಿ ಹೇಳಿದ್ದೇನೆ. ಇನ್ಸ್‌ಪೆಕ್ಟರುಗಳು ಕ್ಲಾಸಿಗೆ ಕ್ಲಾಸೇ ನಿದ್ದೆ ಮಾಡುತ್ತಿದೆ ಎಂದುಕೊಂಡದ್ದುಂಟು. ಹೊಸಬರಿಗೆ ನಾನು ಕೊಡಬಹುದಾದ ಗುಟ್ಟು ಇದೊಂದೇ.

ಪರೀಕ್ಷೆ ಹತ್ತಿರವಾಗುತ್ತಿದ್ದಾಗ ಒಂದು ದಿನ ಒಂದು ಸಮಸ್ಯೆ ಕೊಟ್ಟೆ. ಒಂದೇ ಕೇಂದ್ರದಿಂದ ಒಂದು ಚಿಕ್ಕ ವೃತ್ತ, ಒಂದು ದೊಡ್ಡ ವೃತ್ತ. ಒಂದು ಗೆರೆ ಎರಡನ್ನೂ ಕತ್ತರಿಸಿ ಹೋಗುತ್ತದೆ. ಎರಡು ವೃತ್ತಗಳ ನಡುವೆ ಎಡಗಡೆ ಬಿದ್ದ ತುಂಡು, ಬಲಗಡೆ ಬಿದ್ದ ತುಂಡು, ಎರಡೂ ಸಮ ಎಂದು ತೋರಿಸಬೇಕು. ಹುಡುಗರು ತಲೆ ಕೆರೆದುಕೊಂಡರು. ಮುನಿಶಾಮಿ ನೆಲದ ಮೇಲೆ ಗೀಚಿ ಗೀಚಿ ಅಳಿಸಿದ. ಯಾರಿಗೂ ಬರಲಿಲ್ಲ. ನಾನು ಹೇಳಿಕೊಡಲು ಬಾಯಿ ತೆರೆಯುವಷ್ಟರಲ್ಲಿ ಗುಡಿಸಲಿನೊಳಗೆ ಪಿಸುಪಿಸು ಕೇಳಿಸಿತು. ನಂಜುಂಡಪ್ಪ ಹೊರಗೆ ಬಂದ. ಬದುವಿನ ಮೇಲೆ ನಿಂತು, ಮರೆತುಹೋದೀತೆಂಬ ಭಯದಲ್ಲಿ ಕಣ್ಣು ಮುಚ್ಚಿ, ಒಪ್ಪಿಸಿದ.

"ಒಳಗಡೆ ಬಳೆಗೂ ಹೊರಗಡೆ ಬಳೆಗೂ ನಡು ಒಂದೇ ಅಂತೆ. ಆ ನಡುವಿಂದ ಅಡ್ಡಗೆರೆಗೆ ನೆಟ್ಟಗೆ ಒಂದೆಳೆ ಬಿಡ್ಬೇಕಂತೆ. ಆ ಎಳೆ ದೊಡ್ಡ ತುಂಡನ್ನೂ ಸಮ ಮಾಡ್ತದಂತೆ, ಚಿಕ್ಕ ತುಂಡನ್ನೂ ಸಮ ಮಾಡ್ತದಂತೆ. ದೊಡ್ಡದ್ರಲ್ಲಿ ಚಿಕ್ಕದ್ನ ಕಳುದ್ರೆ ಎರಡು ಕಡೇನೂ ಉಳಿಯೋದು ಒಂದೇ ಅಲ್ವಾ ಅಂತ ಕೇಳ್ತಾವ್ಳೆ ಸ್ವಾಮಿ. ಇದು ಏನೂಂತ ನಂಗೊತ್ತಿಲ್ಲ."

ಸರಿಯಾಗಿತ್ತು. ಒಂದು ಮಾತೂ ಹೆಚ್ಚಿಲ್ಲ, ಒಂದು ಮಾತೂ ಕಡಿಮೆಯಿಲ್ಲ. ಕಣ್ಣಿಗೆ ಕಾಣದ ಚಿತ್ರವನ್ನು ಆ ಹುಡುಗಿ ತಟ್ಟಿಯ ಹಿಂದಿನ ಅರೆಗತ್ತಲಲ್ಲಿ ಕೂತು ಬಿಡಿಸಿದ್ದಳು. ಮಗಳ ಹೆಸರು ಬಯಲಲ್ಲಿ ಕೇಳಬಾರದು ಎನ್ನುತ್ತಿದ್ದ ಅಪ್ಪ ಅವಳ ಉತ್ತರವನ್ನು ತಾನೇ ಹೊತ್ತು ತಂದು ಇಡೀ ಕ್ಲಾಸಿನ ಮುಂದೆ ಇಟ್ಟಿದ್ದ. ನನಗೆ ಸರಿ ಎಂದು ಹೇಳಬೇಕೆನ್ನುವುದೂ ಮರೆತುಹೋಯಿತು. ಮುನಿಶಾಮಿ ಎದ್ದು ನಿಂತು, ಗುಡಿಸಲ ಕಡೆ ತಿರುಗದೆಯೇ, ಸರಿ ಐತೆ ಅಂತ ಹೇಳಿ ಸಾರ್, ಕಾಯ್ತಿರ್ತಾರೆ ಎಂದ. ಸರಿ ಇದೆ ಎಂದೆ. ನಂಜುಂಡಪ್ಪ ಕೈಮುಗಿದು ಒಳಗೆ ಹೋದ. ಅವತ್ತು ಮಗ್ಗ ಬಹಳ ಹೊತ್ತು ಶುರುವಾಗಲೇ ಇಲ್ಲ.

ಬಿಸಿಲೇರುತ್ತಿದ್ದಂತೆ ಪ್ಲೇಗು ಹೋಯಿತು. ಮನೆಗಳ ಹಂಚು ತೆಗೆಸಿ, ಬಿಸಿಲು ಬಿಡಿಸಿ, ಸುಣ್ಣ ಬಳಿದು ಜನ ಊರು ಸೇರಿದರು. ರುಕ್ಮಿಣಿಯ ಹಾಜರಿ ಅಂಚಿನಲ್ಲಿ ಸಾಕಾಯಿತು. ಪರೀಕ್ಷೆ ನಮ್ಮ ಕಟ್ಟಡದಲ್ಲೇ ನಡೆಯುವುದೆಂದಾಯಿತು. ಆದರೆ ಮೇಲ್ವಿಚಾರಣೆಗೆ ಬೇರೆ ಊರಿನ ಮೇಷ್ಟರು. ನಮ್ಮ ಸ್ಕೂಲಿನ ಮೇಷ್ಟರು ಗೇ‍ಟಿನೊಳಗೆ ಕಾಲಿಡುವಂತಿಲ್ಲ, ಹಾಗೆ ಕಟ್ಟಪ್ಪಣೆ. ಇದರಲ್ಲಿ ಒಂದು ತೊಡಕಿದೆ ಎನ್ನುವುದು ಹೆಡ್ಮಾಸ್ಟರಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ.

ಪರೀಕ್ಷೆಯ ಬೆಳಿಗ್ಗೆ ನಂಜುಂಡಪ್ಪ ಮಗಳನ್ನು ಕರೆದುಕೊಂಡು ಗೇಟಿಗೆ ಬಂದ. ನಾನೂ ಅಲ್ಲೇ ಇದ್ದೆ. ಹುಡುಗಿ ಒಳಗೆ ಹೋಗಿ ಬೇವಿನ ಮರದ ಕೆಳಗೆ ನಿಂತಳು. ಬೇರೆ ಹುಡುಗಿಯರಿಲ್ಲವಾದ್ದರಿಂದ ಚಿಕ್ಕ ರೂಮಿಗೆ ಬೀಗ ಹಾಕಿತ್ತು. ಗಂಟೆ ಹೊಡೆಯಿತು. ಹೊರಗಿನಿಂದ ಬಂದ ಮೇಷ್ಟರು ಆಗಲೇ ಪರೀಕ್ಷೆಯ ಹಾಲಿನೊಳಗೆ ಹೋಗಿದ್ದರು. ಅವರಿಗೆ ನಮ್ಮ ಸ್ಕೂಲಿನ ಪದ್ಧತಿ ಏನು ಗೊತ್ತು? ಹುಡುಗರೆಲ್ಲ ಹಾಲಿನ ಬಾಗಿಲಿಗೆ ನುಗ್ಗಿದರು. ರುಕ್ಮಿಣಿ ಮರದ ಕೆಳಗೇ ನಿಂತಿದ್ದಳು. ಅವಳಿಗೆ ಮುಂದೆ ಹೋಗುವವರು ಯಾರೂ ಇರಲಿಲ್ಲ. ಅಷ್ಟು ವರ್ಷ ಒಬ್ಬ ಮೇಷ್ಟರ ಬೆನ್ನು ನೋಡಿಕೊಂಡೇ ನಡೆದ ಕಾಲುಗಳು ಈಗ ಹುಡುಗರ ಗುಂಪಿನೊಳಕ್ಕೆ ಏಳಲಿಲ್ಲ. ಅವಳು ಗೇಟಿನ ಕಡೆ ತಿರುಗಿ ನನ್ನನ್ನು ನೋಡಿದಳು. ನಾನು ಒಳಗೆ ಕಾಲಿಟ್ಟರೆ ಪರೀಕ್ಷೆಯೇ ರದ್ದಾದೀತು. ಗೇಟಿನ ಕಂಬಿ ಹಿಡಿದು ನಿಂತೆ. ನನ್ನ ಪಕ್ಕದಲ್ಲಿ ನಂಜುಂಡಪ್ಪನ ಉಸಿರು ನನಗೆ ಕೇಳುತ್ತಿತ್ತು.

ಬಾಗಿಲ ಹತ್ತಿರ ಮುನಿಶಾಮಿ ಒಮ್ಮೆ ಹಿಂದಕ್ಕೆ ತಿರುಗಿ ನೋಡಿದ. ಆ ಚಳಿಗಾಲವಿಡೀ ಹಿಂದಿರುಗಿ ನೋಡದವನು ಅವತ್ತು ನೋಡಿದ. ಎರಡೂ ತೋಳು ಅಗಲಿಸಿ ಹುಡುಗರನ್ನು ತಡೆದು, ನಿಂತ್ಕೊಳ್ರೋ ಎಂದ. ಒಬ್ಬರೂ ಏಕೆ ಎಂದು ಕೇಳಲಿಲ್ಲ. ಒಳಗೆ ಕಾಲಿಟ್ಟಿದ್ದವರೂ ಹೊರಗೆ ಬಂದರು. ಹಾಲಿನ ಬಾಗಿಲಿನಿಂದ ಬೇವಿನ ಮರದವರೆಗೆ ಈ ಕಡೆ ಅರ್ಧ, ಆ ಕಡೆ ಅರ್ಧ, ಹುಡುಗರು ದಾರಿ ಬಿಟ್ಟು, ಮುಖ ಹೊರಕ್ಕೆ ಮಾಡಿ ಒತ್ತಾಗಿ ನಿಂತರು.

"ನೀನ್ ನಡಿಯಕ್ಕ. ನಾವು ಹಿಂದೆ ಬರ್ತೀವಿ" ಎಂದ ಮುನಿಶಾಮಿ.

ಅವಳು ಸೆರಗು ಸರಿಮಾಡಿಕೊಂಡು, ತಲೆ ಎತ್ತಿ, ಮುಂದೆ ಯಾರೂ ಇಲ್ಲದ ಆ ದಾರಿಯಲ್ಲಿ ನಡೆದು ಒಳಗೆ ಹೋದಳು. ಆಮೇಲೆ ಹುಡುಗರು ಒಬ್ಬೊಬ್ಬರಾಗಿ ಅವಳ ಹಿಂದೆ ಹೋದರು. ಮುನಿಶಾಮಿ ಕೊನೆಯಲ್ಲಿ ಹೋದ.

ಅವಳು ಪಾಸಾದಳು. ಟ್ರೈನಿಂಗ್ ಮುಗಿಸಿ ಬೂದಿಗೆರೆಯಲ್ಲಿ ಮೇಡಂ ಆಗಿ ಬಹಳ ಕಾಲ ಇದ್ದಳು. ಅವಳ ಕ್ಲಾಸಿನಲ್ಲೂ ಮಕ್ಕಳು ಕಣ್ಣು ಮುಚ್ಚಿಕೊಂಡು ಕೂತಿರುತ್ತಿದ್ದರೆಂದು ಕೇಳಿದ್ದೇನೆ. ನಾನು ಆಮೇಲೆ ಎಷ್ಟೋ ಸ್ಕೂಲುಗಳನ್ನು ಕಂಡೆ, ಇದಕ್ಕಿಂತ ದೊಡ್ಡ ಕಟ್ಟಡಗಳನ್ನೂ ಕಂಡೆ. ಆದರೆ ಸ್ಕೂಲು ಎಂದೊಡನೆ ಇವತ್ತಿಗೂ ನನ್ನ ಕಣ್ಣಿಗೆ ಕಟ್ಟುವುದು ಆ ಎರಡು ಸಾಲು ಹುಡುಗರು.

ಹಾಲಿನ ಬಾಗಿಲು ಮುಚ್ಚಿದ ಮೇಲೂ ನಾವಿಬ್ಬರು ಗೇಟಿನಲ್ಲೇ ನಿಂತಿದ್ದೆವು. ನಂಜುಂಡಪ್ಪ ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡ.

"ಗ್ವಾಡೆ ತೋರ್ಸಿ ಅಂದಿದ್ನಲ್ಲ ಸ್ವಾಮಿ" ಎಂದ. "ನೋಡ್ದೆ."